ಪತ್ರಿಕೆಯ ‘ಕಠಿಣ’ ಸುಡೊಕು: ಅರ್ಧಕ್ಕೇ ಸಿಕ್ಕಿಬೀಳುವವರಿಗೆ ಹಂತ ಹಂತದ ಮಾರ್ಗದರ್ಶಿ

‘ಸುಲಭ’ ಎಂದು ಬರೆದ ಸುಡೊಕು ಕಾಫಿ ಆರುವುದರೊಳಗೆ ಮುಗಿಯುತ್ತದೆ. ‘ಕಠಿಣ’ ಎಂದು ಬರೆದದ್ದರಲ್ಲಿ ಹತ್ತು ಹದಿನೈದು ಮನೆ ತುಂಬುವಷ್ಟರಲ್ಲಿ ಕೈ ನಿಲ್ಲುತ್ತದೆ. ‘ಇಲ್ಲಿ 4 ಇದ್ದರೂ ಇರಬಹುದು’ ಎಂದು ಒಂದು ಅಂಕಿ ಹಾಕಿ ಮುಂದುವರಿದರೆ, ಇನ್ನೇನು ಮುಗಿಯಿತು ಎನ್ನುವಾಗ ಒಂದೇ ಸಾಲಿನಲ್ಲಿ ಎರಡು 7 ಎದುರಾಗುತ್ತವೆ. ಮರುದಿನ ಉತ್ತರ ನೋಡಿದರೂ ಎಲ್ಲಿ ಎಡವಿದೆವೆಂದು ತಿಳಿಯುವುದಿಲ್ಲ.

ಹೀಗೆ ಸೋಲುವವರು ಬಹುತೇಕ ಕ್ರಮ ತಪ್ಪಿ ಸೋಲುತ್ತಾರೆ. ಮೊದಲ ಹಂತವನ್ನು ಅರ್ಧಕ್ಕೆ ಬಿಟ್ಟು ಐದನೆಯದಕ್ಕೆ ಹಾರುತ್ತಾರೆ. ಐದನೆಯದರಲ್ಲಿ ಪೆನ್ಸಿಲ್‌ನಲ್ಲಿ ಗುರುತಿಗೆ ಬರೆದ ಸಣ್ಣಂಕಿ ಒರೆಸಲು ಮರೆತು ಆರನೆಯದಕ್ಕೆ ಹೋಗುತ್ತಾರೆ. ಕೆಳಗಿನ ಎಂಟು ಹಂತಗಳನ್ನು ಇದೇ ಸರದಿಯಲ್ಲಿ ಮಾಡಬೇಕು. ಒಂದು ಹೊಸ ಅಂಕಿ ಸಿಕ್ಕಿದ ಕ್ಷಣ, ಎಷ್ಟನೆಯ ಹಂತದಲ್ಲಿದ್ದರೂ, ಮತ್ತೆ ಮೊದಲನೆಯದಕ್ಕೆ ಮರಳಬೇಕು.

## ಮೊದಲು ಹೆಸರುಗಳು

ಒಂದು ಅಂಕಿ ಕೂರುವ ಜಾಗ ‘ಮನೆ’. ಒಟ್ಟು 81 ಮನೆ. ಎಡದಿಂದ ಬಲಕ್ಕೆ ಅಡ್ಡಸಾಲು, ಮೇಲಿನಿಂದ ಕೆಳಕ್ಕೆ ಕಂಬಸಾಲು, ದಪ್ಪ ಗೆರೆಯೊಳಗಿನ ಒಂಬತ್ತು ಮನೆ ಸೇರಿ ಒಂದು ಚೌಕ. ಪ್ರತಿ ಅಡ್ಡಸಾಲು, ಕಂಬಸಾಲು, ಚೌಕದಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಬಾರಿ ಬರಬೇಕು. ಚೌಕಗಳಿಗೆ ಫೋನಿನ ಅಂಕಿಗಳ ಕ್ರಮದಲ್ಲೇ ಸಂಖ್ಯೆ: ಮೇಲಿನ ಎಡಮೂಲೆ 1, ಮೇಲಿನ ಬಲಮೂಲೆ 3, ನಡುವಿನದು 5, ಕೆಳಗಿನ ಬಲಮೂಲೆ 9. ಮನೆಯ ವಿಳಾಸದಲ್ಲಿ ಅಡ್ಡಸಾಲು ಮೊದಲು, ಕಂಬಸಾಲು ಆಮೇಲೆ. (2,7) ಎಂದರೆ ಎರಡನೇ ಅಡ್ಡಸಾಲು, ಏಳನೇ ಕಂಬಸಾಲು.

ಒಂದು ಮನೆಗೆ ಬರಬಹುದಾದ ಅಂಕಿಗಳನ್ನು ಇಲ್ಲಿ ‘ಉಮೇದುವಾರರು’ ಎಂದು ಕರೆಯೋಣ. ಎಷ್ಟು ಮಂದಿ ನಿಂತರೂ ಗೆಲ್ಲುವುದು ಒಬ್ಬರೇ. ನಮ್ಮ ಕೆಲಸ ನಾಮಪತ್ರ ತಿರಸ್ಕರಿಸುತ್ತಾ ಹೋಗುವುದು.

## ನಕ್ಷತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಸುಲಭ, ಮಧ್ಯಮ, ಕಠಿಣ ಎಂಬ ಹಣೆಪಟ್ಟಿಗೆ, ಕಷ್ಟ ತೋರಿಸಲು ಹಾಕುವ ನಕ್ಷತ್ರಗಳಿಗೆ ಎಲ್ಲ ಪತ್ರಿಕೆಗಳೂ ಒಪ್ಪಿದ ಅಳತೆಗೋಲಿಲ್ಲ. ಒಂದರ ನಾಲ್ಕು ನಕ್ಷತ್ರ ಇನ್ನೊಂದರ ಎರಡು ನಕ್ಷತ್ರಕ್ಕೆ ಸಮವಿರಬಹುದು. ಕೆಲವು ಪತ್ರಿಕೆಗಳು ಸೋಮವಾರ ಸುಲಭದ್ದನ್ನು ಕೊಟ್ಟು ವಾರಾಂತ್ಯಕ್ಕೆ ಏರಿಸುತ್ತಾ ಹೋಗುತ್ತವೆ. ನೀವು ಕೊಳ್ಳುವ ಪತ್ರಿಕೆಯ ಏರಿಳಿತವನ್ನು ಎರಡು ವಾರ ಗಮನಿಸಿದರೆ ಅದರ ಲೆಕ್ಕ ಗೊತ್ತಾಗುತ್ತದೆ.

ಕೊಟ್ಟ ಅಂಕಿಗಳು ಕಡಿಮೆಯಿದ್ದರೆ ಕಷ್ಟ, ಹೆಚ್ಚಿದ್ದರೆ ಸುಲಭ ಎಂಬ ನಂಬಿಕೆಯನ್ನು ಇಲ್ಲೇ ಬಿಟ್ಟುಬಿಡಿ. ಒಂದೇ ಉತ್ತರವಿರುವ ಸುಡೊಕುವಿಗೆ ಕನಿಷ್ಠ 17 ಅಂಕಿ ಕೊಡಲೇಬೇಕು, 16 ಸಾಲದು ಎಂದು 2012ರಲ್ಲಿ ಡಬ್ಲಿನ್‌ನ ಗಣಿತಜ್ಞ ಗ್ಯಾರಿ ಮೆಗ್ವಾಯರ್ ತಂಡ ಕಂಪ್ಯೂಟರ್‌ನಲ್ಲಿ ಜಾಲಾಡಿ ತೋರಿಸಿತು. ಆ 17 ಅಂಕಿಯವುಗಳಲ್ಲೇ ಹಲವನ್ನು ಕೆಳಗಿನ ಮೊದಲೆರಡು ಹಂತಗಳಲ್ಲಿ ಮುಗಿಸಬಹುದು. 26 ಅಂಕಿ ಕೊಟ್ಟದ್ದು ಏಳನೇ ಹಂತದವರೆಗೂ ಎಳೆದಾಡಿಸಬಹುದು.

ಕಷ್ಟವನ್ನು ನಿಜವಾಗಿ ತೀರ್ಮಾನಿಸುವುದು ಎರಡು ಸಂಗತಿ. ಒಂದು, ಮುಗಿಸಲು ಬೇಕಾಗುವ ಅತಿ ಕಠಿಣ ತಂತ್ರ ಯಾವುದು. ಎರಡು, ದಾರಿ ಎಷ್ಟು ಇಕ್ಕಟ್ಟು. ಸುಲಭದ್ದರಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಏಳೆಂಟು ಕಡೆ ಅಂಕಿ ಹಾಕಲು ಅವಕಾಶವಿರುತ್ತದೆ. ಒಂದು ಕಾಣದಿದ್ದರೆ ಇನ್ನೊಂದು ಕಾಣುತ್ತದೆ. ಕಠಿಣದ್ದರಲ್ಲಿ ಒಂದು ಘಟ್ಟದಲ್ಲಿ ತೆರೆದಿರುವ ಬಾಗಿಲು ಒಂದೇ. ಅದು ಸಾಮಾನ್ಯ ತಂತ್ರದ ಬಾಗಿಲೇ ಆಗಿದ್ದರೂ ಹುಡುಕಲು ಹೊತ್ತು ಹಿಡಿಯುತ್ತದೆ. ‘ನನಗೆ ಎಕ್ಸ್-ವಿಂಗ್ (ಏಳನೇ ಹಂತದ ತಂತ್ರ) ಗೊತ್ತಿಲ್ಲ, ಅದಕ್ಕೇ ಆಗುತ್ತಿಲ್ಲ’ ಎನ್ನುವವರು ಸಾಮಾನ್ಯವಾಗಿ ಮೂರನೇ ಹಂತದ ಒಂದು ಮನೆಯನ್ನು ಬಿಟ್ಟಿರುತ್ತಾರೆ.

ಸ್ಥೂಲವಾಗಿ ಹೇಳುವುದಾದರೆ, ಸುಲಭಕ್ಕೆ 1 ಮತ್ತು 2ನೇ ಹಂತ ಸಾಕು. ಮಧ್ಯಮಕ್ಕೆ 3 ಮತ್ತು 4 ಬೇಕು. ಕಠಿಣ ಎಂದರೆ 5 ಮತ್ತು 6. ಏಳು, ಎಂಟು ಬೇಕಾಗುವುದು ಪತ್ರಿಕೆಯ ಅತಿ ಮೇಲಿನ ದರ್ಜೆಯವುಗಳಿಗೆ ಮಾತ್ರ.

## ಬೇಕಾದ ಸಾಮಾನು

ಪೆನ್ಸಿಲ್, ಮೆತ್ತನೆಯ ರಬ್ಬರ್, ಚೂಪು ಮಾಡುವ ಮೆಂಡರ್. ಪತ್ರಿಕೆಯ ಕಾಗದದ ಮೇಲೆ ಗಟ್ಟಿ ಸೀಸದ ಪೆನ್ಸಿಲ್ ಗೀರುತ್ತದೆ, ಹರಿಯುತ್ತದೆ. ಎಚ್‌ಬಿ ಅಥವಾ 2ಬಿ ಒಳ್ಳೆಯದು. ಬಾಲ್‌ಪೆನ್ನು ಸುಲಭದ್ದಕ್ಕೆ ಪರವಾಗಿಲ್ಲ, ಕಠಿಣದ್ದಕ್ಕೆ ಬೇಡವೇ ಬೇಡ. ಇಂಕ್ ಪೆನ್ನು ಹೀರಿ ಹರಡುತ್ತದೆ.

ಪತ್ರಿಕೆಯಲ್ಲಿ ಒಂದು ಮನೆಗೆ ಕಿರುಬೆರಳ ಉಗುರಿನಷ್ಟೂ ಜಾಗವಿರುವುದಿಲ್ಲ. ಅಷ್ಟರಲ್ಲಿ ನಾಲ್ಕೈದು ಸಣ್ಣಂಕಿ ಬರೆದರೆ 1, 7 ಒಂದೇ ಥರ ಕಾಣುತ್ತವೆ. 3 ಮತ್ತು 8 ಕೂಡ. ಐದನೇ ಹಂತಕ್ಕೆ ಹೋಗಬೇಕಾದ ಸುಡೊಕುವನ್ನು ಎರಡುಪಟ್ಟು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಇಲ್ಲವೇ ಮಕ್ಕಳ ಚೌಕಳಿ ಲೆಕ್ಕದ ಪುಸ್ತಕದಲ್ಲಿ ಒಂದು ಮನೆಗೆ ಎರಡು ಚೌಕಳಿ ಅಗಲ, ಎರಡು ಉದ್ದದಂತೆ ಗೆರೆ ಎಳೆದು ಬರೆದುಕೊಳ್ಳಿ. ಕೊಟ್ಟ ಅಂಕಿಗಳನ್ನು ಪೆನ್ನಿನಲ್ಲಿ ಬರೆಯಿರಿ, ನಿಮ್ಮವನ್ನು ಪೆನ್ಸಿಲ್‌ನಲ್ಲಿ.

ನಕಲು ಮಾಡಿಕೊಂಡ ಮೇಲೆ ಪ್ರತಿ ಅಡ್ಡಸಾಲಿನಲ್ಲಿ ಎಷ್ಟು ಅಂಕಿಗಳಿವೆ ಎಂದು ಎಣಿಸಿ, ಆಮೇಲೆ ಕಂಬಸಾಲುಗಳನ್ನೂ ಎಣಿಸಿ ಮೂಲದೊಂದಿಗೆ ತಾಳೆ ನೋಡಿ. ಒಂದು ಅಂಕಿ ಪಕ್ಕದ ಮನೆಗೆ ಸರಿದಿದ್ದರೆ ಅಡ್ಡಸಾಲಿನ ಎಣಿಕೆ ಸರಿಬರುತ್ತದೆ, ಕಂಬಸಾಲಿನದು ಸಿಕ್ಕಿಬೀಳುತ್ತದೆ. ಒಂದು ನಿಮಿಷದ ಈ ಕೆಲಸ ಮಾಡದೆ ಒಂದು ಗಂಟೆ ಕಳೆದುಕೊಳ್ಳುವವರೇ ಹೆಚ್ಚು.

## ಹಂತ 1: ಚೌಕಗಳನ್ನು ಜಾಲಿಸುವುದು

ಮನೆಯನ್ನು ನೋಡಿ ‘ಇಲ್ಲಿ ಯಾವ ಅಂಕಿ’ ಎಂದು ಕೇಳಬೇಡಿ. ಅಂಕಿಯನ್ನು ಹಿಡಿದು ‘ಈ ಚೌಕದಲ್ಲಿ ಇದಕ್ಕೆ ಯಾವ ಮನೆ’ ಎಂದು ಕೇಳಿ. ಹೆಚ್ಚು ಬಾರಿ ಕಾಣುವ ಅಂಕಿಯಿಂದ ಶುರು ಮಾಡಿ. ಉದಾಹರಣೆಗೆ ಈ ಸುಡೊಕು (ಚುಕ್ಕಿ ಎಂದರೆ ಖಾಲಿ ಮನೆ):

. 8 . | . . . | 7 5 .
. . . | 1 4 6 | . . 2
. . . | . 5 . | . 3 6
———————————
5 . . | . 8 . | . . 9
1 . . | 5 . 9 | . . 4
3 . . | . 7 . | . . 8
———————————
2 9 . | . 3 . | . . .
8 . . | 4 6 2 | . . .
. 6 5 | . . . | . 8 .

ಮೂರನೇ ಚೌಕ ನೋಡಿ. ಖಾಲಿ ಇರುವುದು (1,9), (2,7), (2,8), (3,7). ಇಲ್ಲಿ 4 ಎಲ್ಲಿ? ಎರಡನೇ ಅಡ್ಡಸಾಲಿನಲ್ಲಿ ಆಗಲೇ 4 ಇದೆ, ಹಾಗಾಗಿ (2,7), (2,8) ಹೋದವು. ಒಂಬತ್ತನೇ ಕಂಬಸಾಲಿನಲ್ಲೂ 4 ಇದೆ, (1,9) ಹೋಯಿತು. ಉಳಿದದ್ದು (3,7) ಒಂದೇ. ಅಲ್ಲಿ 4.

ಅಲ್ಲೇ ನಿಲ್ಲಿ, ಬೇರೆಡೆಗೆ ಓಡಬೇಡಿ. ಈಗ ಅದೇ ಚೌಕದಲ್ಲಿ 8 ಎಲ್ಲಿ? ಮೊದಲ ಅಡ್ಡಸಾಲಿನ 8 (1,9)ನ್ನು ತಡೆಯುತ್ತದೆ, ಎಂಟನೇ ಕಂಬಸಾಲಿನ 8 (2,8)ನ್ನು ತಡೆಯುತ್ತದೆ. ಆದ್ದರಿಂದ (2,7)ರಲ್ಲಿ 8. ಉಳಿದ 1 ಮತ್ತು 9ರಲ್ಲಿ, ಎರಡನೇ ಸಾಲಿನಲ್ಲಿ 1 ಇರುವುದರಿಂದ (2,8)ಕ್ಕೆ 9, (1,9)ಕ್ಕೆ 1. ಚೌಕ ಪೂರ್ತಿ ತುಂಬಿತು.

ಎಲ್ಲಿ ಹೊಸ ಅಂಕಿ ಬಿತ್ತೋ ಅದರ ಸುತ್ತಲೇ ಮುಂದಿನದು ಇರುವ ಸಂಭವ ಹೆಚ್ಚು. ಎರಡನೇ ಸಾಲಿನಲ್ಲಿ ಈಗ ಉಳಿದದ್ದು 3, 5, 7. ಮೊದಲ ಕಂಬಸಾಲಿನಲ್ಲಿ 3 ಮತ್ತು 5 ಇರುವುದರಿಂದ (2,1)ಕ್ಕೆ 7. ಮೂರನೇ ಕಂಬಸಾಲಿನಲ್ಲಿ 5 ಇರುವುದರಿಂದ (2,3)ಕ್ಕೆ 3, (2,2)ಕ್ಕೆ 5. ಒಂದು 4ರಿಂದ ಏಳು ಮನೆ ತುಂಬಿದವು.

ಸಾಮಾನ್ಯ ತಪ್ಪು: 1ರಿಂದ 9ರವರೆಗೆ ಒಂದು ಸುತ್ತು ನೋಡಿ ‘ಮುಗಿಯಿತು’ ಎಂದುಕೊಳ್ಳುವುದು. ಸುತ್ತಿನ ಕೊನೆಯಲ್ಲಿ ಹಾಕಿದ ಅಂಕಿ ಸುತ್ತಿನ ಮೊದಲಲ್ಲಿ ಸಿಗದಿದ್ದ ಅಂಕಿಗೆ ದಾರಿ ಬಿಡಿಸಿರುತ್ತದೆ. ಒಂದು ಇಡೀ ಸುತ್ತಿನಲ್ಲಿ ಹೊಸದೊಂದೂ ಸಿಗದಿದ್ದಾಗ ಮಾತ್ರ ಈ ಹಂತ ಮುಗಿದಂತೆ.

ಇನ್ನೊಂದು: ಚೌಕಗಳನ್ನು ಮಾತ್ರ ಜಾಲಿಸಿ ಸಾಲುಗಳನ್ನು ಬಿಡುವುದು. ‘ಈ ಅಡ್ಡಸಾಲಿನಲ್ಲಿ 9ಕ್ಕೆ ಯಾವ ಮನೆ’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಮಧ್ಯಮ ದರ್ಜೆಯವುಗಳಲ್ಲಿ ಸಿಕ್ಕಿಬೀಳುವುದು ಇದನ್ನು ಬಿಟ್ಟಿದ್ದರಿಂದಲೇ. ಮೇಲಿನ ಸುಡೊಕುವಿನ ಎಂಟನೇ ಸಾಲಿನಲ್ಲಿ 9 ಎಲ್ಲಿ ಎಂದು ನೀವೇ ನೋಡಿ. (2,8)ಕ್ಕೆ 9 ಬಂದಿದೆ ಎಂಬುದು ನೆನಪಿರಲಿ. ಅದು (8,7)ರಲ್ಲಿ ಬೀಳಬೇಕು.

## ಹಂತ 2: ಒಂದೇ ಅಂಕಿ ಉಳಿದ ಮನೆ

ಈಗ ಪ್ರಶ್ನೆಯನ್ನು ತಿರುಗಿಸಿ: ಈ ಮನೆಗೆ ಯಾವ ಅಂಕಿ? ಪ್ರತಿ ಮನೆಗೂ ಎದುರಾಳಿಗಳು 20. ಅಡ್ಡಸಾಲಿನಲ್ಲಿ 8, ಕಂಬಸಾಲಿನಲ್ಲಿ 8, ಚೌಕದಲ್ಲಿ ಇನ್ನುಳಿದ 4. ಈ ಇಪ್ಪತ್ತರಲ್ಲಿ ಎಂಟು ಬೇರೆ ಬೇರೆ ಅಂಕಿಗಳು ಬಂದಿದ್ದರೆ ಒಂಬತ್ತನೆಯದು ಆ ಮನೆಯದ್ದು.

ಎಲ್ಲ ಮನೆಗಳನ್ನೂ ಹೀಗೆ ನೋಡುತ್ತಾ ಕೂತರೆ ಹೊತ್ತು ಹೋಗುತ್ತದೆ. ಸಾಲು, ಕಂಬ, ಚೌಕ ಮೂರೂ ದಟ್ಟವಾಗಿ ತುಂಬಿರುವ ಕಡೆ ಮಾತ್ರ ನೋಡಿ. ಮೇಲಿನದರಲ್ಲಿ ನಟ್ಟನಡುವಿನ (5,5) ಅಂಥದ್ದು: ಸಾಲಿನಲ್ಲಿ 1, 5, 9, 4, ಕಂಬದಲ್ಲಿ 4, 5, 8, 7, 3, 6. ಉಳಿದದ್ದು 2 ಮಾತ್ರ. ಬಾಯಲ್ಲಿ ‘ಒಂದು, ಎರಡು, ಮೂರು…’ ಎಂದು ಮೆಲ್ಲಗೆ ಎಣಿಸುತ್ತಾ ಪ್ರತಿ ಅಂಕಿ ಎಲ್ಲಾದರೂ ಕಂಡಿತೇ ಎಂದು ನೋಡುವುದು ಅತ್ಯಂತ ಭರವಸೆಯ ಉಪಾಯ. ಕಣ್ಣಳತೆಯಲ್ಲಿ ಮಾಡಿದರೆ ಒಂದು ತಪ್ಪಿಹೋಗುತ್ತದೆ.

## ಹಂತ 3: ಮೂಲೆ ಗುರುತು

ಇಲ್ಲಿಂದ ಪೆನ್ಸಿಲ್‌ನ ಸಣ್ಣಂಕಿಗಳು ಶುರು. ಆದರೆ ಎಲ್ಲ ಉಮೇದುವಾರರನ್ನೂ ಈಗಲೇ ಬರೆಯಬೇಡಿ. ಒಂದು ಚೌಕದಲ್ಲಿ ಒಂದು ಅಂಕಿಗೆ ಸರಿಯಾಗಿ ಎರಡೇ ಮನೆ ಉಳಿದಿದ್ದರೆ ಮಾತ್ರ, ಆ ಎರಡೂ ಮನೆಗಳ ಮೂಲೆಯಲ್ಲಿ ಅದನ್ನು ಸಣ್ಣದಾಗಿ ಬರೆಯಿರಿ. ಮೂರು ಮನೆಗಳಿದ್ದರೆ ಬರೆಯುವಂತಿಲ್ಲ. ಈ ಪದ್ಧತಿಗೆ ಸ್ನೈಡರ್ ಗುರುತು ಎಂಬ ಹೆಸರಿದೆ; 2008ರಲ್ಲಿ ಗೋವಾದಲ್ಲಿ ನಡೆದದ್ದೂ ಸೇರಿ ಮೂರು ವಿಶ್ವ ಸುಡೊಕು ಚಾಂಪಿಯನ್‌ಷಿಪ್ ಗೆದ್ದ ಥಾಮಸ್ ಸ್ನೈಡರ್ ಇದನ್ನು ಜನಪ್ರಿಯಗೊಳಿಸಿದರು.

ಲಾಭ ಏನು? ಮೇಲಿನ ಸುಡೊಕುವಿನ ಎರಡನೇ ಚೌಕ ನೋಡಿ. ಖಾಲಿ ಇರುವುದು (1,4), (1,5), (1,6), (3,4), (3,6). ಮೊದಲ ಅಡ್ಡಸಾಲಿನಲ್ಲಿ 8 ಇದೆ, ಹಾಗಾಗಿ 8ಕ್ಕೆ ಉಳಿದದ್ದು (3,4), (3,6). ಎರಡರ ಮೂಲೆಯಲ್ಲೂ 8 ಬರೆಯಿರಿ. ಅದೇ ಸಾಲಿನಲ್ಲಿ 7 ಕೂಡ ಇದೆ. 7ಕ್ಕೂ ಅವೇ ಎರಡು ಮನೆ! ಎರಡು ಅಂಕಿಗೆ ಅವೇ ಎರಡು ಮನೆ ಎಂದರೆ ಆ ಮನೆಗಳು ಭರ್ತಿಯಾದಂತೆಯೇ. ಬೇರೆ ಯಾವ ಅಂಕಿಯೂ ಅಲ್ಲಿ ಕಾಲಿಡುವಂತಿಲ್ಲ. ಯಾವುದರಲ್ಲಿ 7, ಯಾವುದರಲ್ಲಿ 8 ಎಂದು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ.

ಹಾಗಾದರೆ ಮೇಲಿನ ಮೂರು ಮನೆಗೆ 2, 3, 9. ಐದನೇ ಕಂಬದಲ್ಲಿ 3 ಇದೆ, (5,5)ಕ್ಕೆ 2 ಹಾಕಿದ್ದೇವೆ; ಆದ್ದರಿಂದ (1,5)ಕ್ಕೆ 9. ಆರನೇ ಕಂಬದಲ್ಲಿ 2 ಇರುವುದರಿಂದ (1,6)ಕ್ಕೆ 3, (1,4)ಕ್ಕೆ 2. ಎಲ್ಲ ಮನೆಯಲ್ಲೂ ನಾಲ್ಕು ನಾಲ್ಕು ಸಣ್ಣಂಕಿ ತುಂಬಿದ್ದರೆ ಈ ಜೋಡಿ ಕಣ್ಣಿಗೇ ಬೀಳುತ್ತಿರಲಿಲ್ಲ.

ಈ ಗುರುತು ಇನ್ನೊಂದು ಉಪಕಾರ ಮಾಡುತ್ತದೆ. ಎರಡರಲ್ಲಿ ಒಂದು ಮನೆ ಬೇರೆ ಅಂಕಿಯಿಂದ ತುಂಬಿತೆಂದರೆ ಇನ್ನೊಂದು ಮನೆಯ ಅಂಕಿ ಆ ಕ್ಷಣಕ್ಕೇ ಖಾತ್ರಿ. ಸಾಲುಗಳಿಗಾಗಿ ಬರೆದ ಗುರುತನ್ನು ಚೌಕದ ಗುರುತಿನೊಂದಿಗೆ ಬೆರೆಸಬೇಡಿ. ಬೆರೆಸಿದರೆ ಈ ಖಾತ್ರಿ ಹೋಗುತ್ತದೆ.

## ಹಂತ 4: ಬೀಗ ಬಿದ್ದ ಅಂಕಿ

ಒಂದು ಚೌಕದಲ್ಲಿ ಒಂದು ಅಂಕಿಗೆ ಉಳಿದ ಮನೆಗಳೆಲ್ಲ ಒಂದೇ ಸಾಲಿನಲ್ಲಿದ್ದರೆ, ಆ ಸಾಲಿನಲ್ಲಿ ಚೌಕದ ಹೊರಗೆ ಆ ಅಂಕಿ ಬರಲಾರದು. ಮೇಲಿನ ಉದಾಹರಣೆಯಲ್ಲಿ 8 ಎರಡನೇ ಚೌಕದ ಮೂರನೇ ಅಡ್ಡಸಾಲಿನಲ್ಲಿ ಬೀಗ ಬಿದ್ದಿದೆ. ಮೊದಲ ಹಂತದಲ್ಲಿ (3,7)ರ 4 ನಿಮಗೆ ಕಾಣಲಿಲ್ಲ ಎಂದಿಟ್ಟುಕೊಳ್ಳಿ. ಆಗ ಮೂರನೇ ಚೌಕದಲ್ಲಿ 8ಕ್ಕೆ (2,7), (3,7) ಎರಡೂ ಸಾಧ್ಯ. ಆದರೆ ಮೂರನೇ ಸಾಲಿನ 8 ಎರಡನೇ ಚೌಕದೊಳಗೇ ಇದೆ ಎಂದು ಗೊತ್ತಾದ್ದರಿಂದ (3,7) ಹೋಯಿತು, (2,7)ಕ್ಕೆ 8. ಬೇರೆ ದಾರಿಯಲ್ಲಿ ಬಂದರೂ ಅದೇ ಉತ್ತರ.

ಇದರ ತಿರುಗುಮುರುಗು ರೂಪವೂ ಇದೆ, ಅದನ್ನೇ ಜನ ಮರೆಯುವುದು. ಒಂದು ಸಾಲಿನಲ್ಲಿ ಒಂದು ಅಂಕಿಗೆ ಉಳಿದ ಮನೆಗಳೆಲ್ಲ ಒಂದೇ ಚೌಕದೊಳಗಿದ್ದರೆ, ಆ ಚೌಕದ ಉಳಿದ ಮನೆಗಳಿಂದ ಅದನ್ನು ತೆಗೆಯಬೇಕು. ಕೊಟ್ಟ ಅಂಕಿಗಳನ್ನಷ್ಟೇ ನೋಡಿದರೆ ಎಂಟನೇ ಸಾಲಿನಲ್ಲಿ 9ಕ್ಕೆ (8,2), (8,3) ಸಾಧ್ಯವಿಲ್ಲ, ಏಕೆಂದರೆ ಏಳನೇ ಚೌಕದಲ್ಲಿ 9 ಇದೆ. (8,9) ಕೂಡ ಸಾಧ್ಯವಿಲ್ಲ, ಕಂಬದಲ್ಲಿ 9 ಇದೆ. ಉಳಿದ (8,7), (8,8) ಎರಡೂ ಒಂಬತ್ತನೇ ಚೌಕದೊಳಗೆ. ಆದ್ದರಿಂದ ಅದೇ ಚೌಕದ (9,7)ರಲ್ಲಿ 9 ಬರುವಂತಿಲ್ಲ.

ಈ ಹಂತ ನೇರವಾಗಿ ಅಂಕಿ ಕೊಡುವುದು ಅಪರೂಪ. ಉಮೇದುವಾರರನ್ನು ಅಳಿಸುತ್ತದೆ, ಅಷ್ಟೆ. ‘ಏನೂ ಸಿಗಲಿಲ್ಲ’ ಎಂದು ಬಿಟ್ಟುಹೋಗದೆ, ಅಳಿಸಿದ್ದರಿಂದ ಒಂದನೇ ಹಂತದಲ್ಲಿ ಏನಾದರೂ ತೆರೆಯಿತೇ ಎಂದು ನೋಡಿ.

## ಹಂತ 5: ಎಲ್ಲ ಉಮೇದುವಾರರ ಪಟ್ಟಿ

ಮೊದಲ ನಾಲ್ಕು ಹಂತ ಎರಡು ಸುತ್ತು ಮಾಡಿಯೂ ಹೊಸ ಅಂಕಿ ಸಿಗದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಆರಂಭದಲ್ಲೇ ಪಟ್ಟಿ ಬರೆಯಲು ಕೂತರೆ ಇನ್ನೂರು ಮುನ್ನೂರು ಸಣ್ಣಂಕಿ ಬರೆದು, ಅರ್ಧದಷ್ಟನ್ನು ಮತ್ತೆ ಅಳಿಸಬೇಕಾಗುತ್ತದೆ.

ಬರೆಯುವ ಕ್ರಮ:

1. ಅಡ್ಡಸಾಲಿನ ಹೊರಗೆ, ಅಂಚಿನಲ್ಲಿ, ಆ ಸಾಲಿನಲ್ಲಿ ಇನ್ನೂ ಬರಬೇಕಾದ ಅಂಕಿಗಳನ್ನು ಬರೆಯಿರಿ.
2. ಸಾಲಿನ ಪ್ರತಿ ಖಾಲಿ ಮನೆಗೂ ಆ ಪಟ್ಟಿಯಿಂದ ಕಂಬಸಾಲಿನಲ್ಲಿರುವುದನ್ನು ಬಿಡಿ, ಆಮೇಲೆ ಚೌಕದಲ್ಲಿರುವುದನ್ನು ಬಿಡಿ. ಉಳಿದದ್ದನ್ನು ಮನೆಯೊಳಗೆ ಬರೆಯಿರಿ.
3. ಪ್ರತಿ ಅಂಕಿಗೂ ಮನೆಯೊಳಗೆ ಒಂದು ಕಾಯಂ ಜಾಗ ಇರಲಿ: 1 ಮೇಲಿನ ಎಡಕ್ಕೆ, 5 ನಡುವೆ, 9 ಕೆಳಗಿನ ಬಲಕ್ಕೆ. ಜಾಗ ನಿಗದಿಯಾಗಿದ್ದರೆ ಅಂಕಿಯ ಬದಲು ಚುಕ್ಕಿ ಇಟ್ಟರೂ ಸಾಕು. ಇಕ್ಕಟ್ಟಾದ ಪತ್ರಿಕೆಯ ಮನೆಗೆ ಚುಕ್ಕಿಯೇ ಉತ್ತಮ.
4. ನಾಲ್ಕನೇ ಹಂತದಲ್ಲಿ ಅಳಿಸಿದ್ದನ್ನು ಇಲ್ಲಿ ಮತ್ತೆ ಬರೆದುಬಿಡಬೇಡಿ.

ಪಟ್ಟಿ ಮುಗಿದ ಮೇಲೆ ಒಂಬತ್ತೂ ಕಂಬಸಾಲುಗಳನ್ನು ಒಮ್ಮೆ ಪರಿಶೀಲಿಸಿ. ಈ ಮರುಪರಿಶೀಲನೆ ಬೇಸರದ ಕೆಲಸ, ಆದರೆ ಮುಂದಿನ ಮೂರು ಹಂತಗಳೂ ಈ ಪಟ್ಟಿಯನ್ನೇ ನಂಬಿ ನಿಂತಿವೆ. ಪಟ್ಟಿಯಲ್ಲಿ ಎರಡು ಥರದ ತಪ್ಪಾಗಬಹುದು. ಇರಬಾರದ ಅಂಕಿ ಉಳಿದಿದ್ದರೆ ದಾರಿ ಮುಚ್ಚುತ್ತದೆ, ನೀವು ನಿಂತಲ್ಲೇ ನಿಲ್ಲುತ್ತೀರಿ, ಉತ್ತರ ಕೆಡುವುದಿಲ್ಲ. ಇರಬೇಕಾದ ಅಂಕಿ ಬಿಟ್ಟುಹೋಗಿದ್ದರೆ ಇಲ್ಲದ ಜೋಡಿ ಇದ್ದಂತೆ ಕಾಣುತ್ತದೆ, ನೀವು ಖುಷಿಯಿಂದ ಮುಂದೆ ಹೋಗಿ ಹಳ್ಳಕ್ಕೆ ಬೀಳುತ್ತೀರಿ. ಅನುಮಾನವಿದ್ದಾಗ ಬರೆದೇ ಬಿಡಿ.

ದೊಡ್ಡ ಅಂಕಿಯೊಂದನ್ನು ಹಾಕಿದ ತಕ್ಷಣ, ಬೇರೆ ಯೋಚನೆಗೆ ಮೊದಲು, ಅದರ ಇಪ್ಪತ್ತು ಎದುರಾಳಿ ಮನೆಗಳಿಂದ ಆ ಅಂಕಿಯನ್ನು ಒರೆಸಿ. ಯಾವಾಗಲೂ ಒಂದೇ ಕ್ರಮ: ಅಡ್ಡಸಾಲು, ಕಂಬಸಾಲು, ಚೌಕ. ಚೌಕದ ಆ ನಾಲ್ಕು ಮನೆಗಳೇ ಮರೆತುಹೋಗುವುದು.

## ಹಂತ 6: ಜೋಡಿ, ಅಡಗಿದ ಜೋಡಿ, ತ್ರಿವಳಿ

ಬಯಲು ಜೋಡಿಯಿಂದ ಶುರು ಮಾಡಿ. ಆ್ಯಪ್‌ಗಳು ನೇಕೆಡ್ ಪೇರ್ ಎನ್ನುವುದು ಇದನ್ನೇ. ಒಂದು ಸಾಲಿನಲ್ಲಿ ನಾಲ್ಕು ಮನೆ ಖಾಲಿ, ಬರಬೇಕಾದದ್ದು 2, 5, 7, 9. ಉಮೇದುವಾರರು ಹೀಗಿದ್ದಾರೆ:

ಮೊದಲ ಮನೆ: 5, 9
ಎರಡನೆಯದು: 5, 7, 9
ಮೂರನೆಯದು: 5, 9
ನಾಲ್ಕನೆಯದು: 2, 5, 7

ಮೊದಲ ಮತ್ತು ಮೂರನೇ ಮನೆಗಳು 5, 9ನ್ನು ತಮ್ಮಲ್ಲೇ ಹಂಚಿಕೊಳ್ಳುತ್ತವೆ. ಎರಡನೆಯದರಿಂದ 5, 9 ತೆಗೆದರೆ 7 ಉಳಿಯಿತು. ನಾಲ್ಕನೆಯದರಿಂದ 5 ಮತ್ತು 7 ಹೋಗಿ 2 ಉಳಿಯಿತು.

ಜೋಡಿಯಾಗಲು ಎರಡೂ ಮನೆಗಳು ಒಂದೇ ಸಾಲು, ಕಂಬ ಅಥವಾ ಚೌಕದಲ್ಲಿರಬೇಕು. ಬೇರೆ ಬೇರೆ ಕಡೆ ಎರಡು ‘5, 9’ ಕಂಡರೆ ಅದು ಜೋಡಿಯಲ್ಲ. ‘5, 9’ ಮತ್ತು ‘2, 5, 9’ ಕೂಡ ಜೋಡಿಯಲ್ಲ. ಆತುರದಲ್ಲಿ ಆ 2ನ್ನು ನೋಡದೆ ಹೋಗುವುದು ಈ ಹಂತದ ಮಾಮೂಲು ತಪ್ಪು. ಜೋಡಿಯ ಎರಡೂ ಮನೆ ಒಂದೇ ಸಾಲಿನಲ್ಲೂ ಒಂದೇ ಚೌಕದಲ್ಲೂ ಇದ್ದರೆ, ಎರಡೂ ಕಡೆಯಿಂದ ಅಳಿಸಲು ಮರೆಯಬೇಡಿ.

ಅಡಗಿದ ಜೋಡಿ ಕಾಣುವುದು ಇದಕ್ಕಿಂತ ಕಷ್ಟ. ಒಂದು ಚೌಕದಲ್ಲಿ ಐದು ಮನೆ ಖಾಲಿ, ಬರಬೇಕಾದದ್ದು 1, 3, 4, 6, 8:

ಮೊದಲ ಮನೆ: 1, 3, 4, 8
ಎರಡನೆಯದು: 1, 4, 6
ಮೂರನೆಯದು: 1, 6
ನಾಲ್ಕನೆಯದು: 3, 6, 8
ಐದನೆಯದು: 4, 6

3 ಮತ್ತು 8 ಎಲ್ಲಿವೆ ನೋಡಿ. ಮೊದಲ ಮತ್ತು ನಾಲ್ಕನೇ ಮನೆಯಲ್ಲಿ ಮಾತ್ರ. ಹಾಗಾಗಿ ಆ ಎರಡು ಮನೆಯಲ್ಲಿ ಉಳಿದ ಎಲ್ಲವನ್ನೂ ಅಳಿಸಿ, 3 ಮತ್ತು 8ನ್ನಷ್ಟೇ ಬಿಡಿ. ಬಯಲು ಜೋಡಿಯಲ್ಲಿ ಹೊರಗಿನ ಮನೆಗಳಿಂದ ಅಳಿಸುತ್ತೇವೆ, ಅಡಗಿದ ಜೋಡಿಯಲ್ಲಿ ಅದೇ ಮನೆಗಳ ಒಳಗಿನಿಂದ ಅಳಿಸುತ್ತೇವೆ. ಇದನ್ನು ಅದಲುಬದಲು ಮಾಡಿಕೊಂಡರೆ ಎಲ್ಲ ಕೆಟ್ಟಿತು.

ಅದೇ ಚೌಕವನ್ನು ಇನ್ನೊಂದು ಬದಿಯಿಂದ ನೋಡಿ. ಎರಡು, ಮೂರು, ಐದನೇ ಮನೆಗಳಲ್ಲಿ 1, 4, 6 ಬಿಟ್ಟು ಬೇರೇನೂ ಇಲ್ಲ. ಮೂರು ಮನೆ, ಮೂರು ಅಂಕಿ: ತ್ರಿವಳಿ. ಪ್ರತಿ ಮನೆಯಲ್ಲೂ ಮೂರೂ ಇರಬೇಕೆಂದಿಲ್ಲ, ಮೂರರ ಹೊರಗಿನದು ಇರಬಾರದು ಅಷ್ಟೆ. ಐದು ಖಾಲಿ ಮನೆಗಳಲ್ಲಿ ಅಡಗಿದ ಜೋಡಿ ಇದ್ದರೆ ಉಳಿದ ಮೂರರಲ್ಲಿ ಬಯಲು ತ್ರಿವಳಿ ಇದ್ದೇ ಇರುತ್ತದೆ. ಒಂದು ಕಾಣದವರಿಗೆ ಇನ್ನೊಂದು ಕಾಣುತ್ತದೆ. ಖಾಲಿ ಮನೆಗಳು ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಅಡಗಿದ ಜೋಡಿ ಹುಡುಕಿ, ಕಡಿಮೆಯಿದ್ದರೆ ಬಯಲು ಜೋಡಿ.

‘ಕಠಿಣ’ ಎಂಬ ಹಣೆಪಟ್ಟಿಯ ಬಹುಪಾಲು ಪತ್ರಿಕೆ ಸುಡೊಕುಗಳು ಈ ಹಂತದಲ್ಲಿ ಬಿಡಿಸಿಕೊಳ್ಳುತ್ತವೆ. ಇಲ್ಲಿ ಏನೂ ಸಿಗದಿದ್ದರೆ ಏಳಕ್ಕೆ ಹಾರುವ ಮೊದಲು ಐದರ ಪಟ್ಟಿಯನ್ನು ಇನ್ನೊಮ್ಮೆ ತಿದ್ದಿ ನೋಡಿ.

## ಹಂತ 7: ಎಕ್ಸ್-ವಿಂಗ್

ಒಂದೇ ಒಂದು ಅಂಕಿಯನ್ನು ಹಿಡಿದು ಇಡೀ ಪಟ ನೋಡಬೇಕು. 6 ಎಂದುಕೊಳ್ಳಿ. ಎರಡನೇ ಅಡ್ಡಸಾಲಿನಲ್ಲಿ 6ಕ್ಕೆ (2,3), (2,8) ಎರಡೇ ಮನೆ. ಏಳನೇ ಅಡ್ಡಸಾಲಿನಲ್ಲೂ (7,3), (7,8) ಎರಡೇ. ಎರಡನೇ ಸಾಲಿನ 6 ಮೂರನೇ ಕಂಬದಲ್ಲಿ ಬಿದ್ದರೆ ಏಳನೇ ಸಾಲಿನದು ಎಂಟನೇ ಕಂಬಕ್ಕೆ ಹೋಗಬೇಕು. ಅದಲುಬದಲಾದರೂ ಲೆಕ್ಕ ಅದೇ. ಹೇಗಾದರೂ ಮೂರು ಮತ್ತು ಎಂಟನೇ ಕಂಬಗಳ 6 ಈ ನಾಲ್ಕು ಮನೆಗಳಲ್ಲೇ ಮುಗಿಯಿತು. ಆ ಎರಡು ಕಂಬಗಳ ಉಳಿದ ಎಲ್ಲ ಮನೆಗಳಿಂದ 6 ಅಳಿಸಿ.

ಅಡ್ಡಸಾಲಿನಲ್ಲಿ ಹುಡುಕಿದರೆ ಕಂಬದಲ್ಲಿ ಅಳಿಸುವುದು, ಕಂಬದಲ್ಲಿ ಹುಡುಕಿದರೆ ಅಡ್ಡಸಾಲಿನಲ್ಲಿ. ಹುಡುಕಿದ ಸಾಲಿನಲ್ಲಿ ಮೂರನೆಯ ಮನೆಯಲ್ಲಿ 6 ಇದ್ದರೆ ತಂತ್ರ ನಡೆಯದು. ಇದನ್ನೇ ಮೂರು ಸಾಲು, ಮೂರು ಕಂಬಕ್ಕೆ ಹಿಗ್ಗಿಸಿದರೆ ಸ್ವೋರ್ಡ್‌ಫಿಶ್. ದಿನಪತ್ರಿಕೆಯಲ್ಲಿ ಅದರ ಅಗತ್ಯ ಬೀಳುವುದು ತೀರಾ ಕಡಿಮೆ.

## ಹಂತ 8: ಎಕ್ಸ್‌ವೈ-ವಿಂಗ್

ಎರಡೇ ಉಮೇದುವಾರರಿರುವ ಮೂರು ಮನೆ ಬೇಕು. ನಡುವಿನದು (1,1)ರಲ್ಲಿ 2, 7. ಒಂದು ರೆಕ್ಕೆ (1,6)ರಲ್ಲಿ 2, 5. ಇನ್ನೊಂದು ರೆಕ್ಕೆ (3,2)ರಲ್ಲಿ 5, 7. ನಡುವಿನ ಮನೆಗೆ 2 ಬಂದರೆ (1,6) 5 ಆಗಲೇಬೇಕು. 7 ಬಂದರೆ (3,2) 5 ಆಗಲೇಬೇಕು. ಎರಡು ರೆಕ್ಕೆಗಳಲ್ಲಿ ಒಂದಂತೂ 5. ಹಾಗಾಗಿ ಎರಡೂ ರೆಕ್ಕೆಗಳಿಗೆ ಎದುರಾಳಿಯಾದ ಮನೆಯಲ್ಲಿ 5 ಇರುವಂತಿಲ್ಲ: ಇಲ್ಲಿ (1,2), (1,3), (3,4), (3,5), (3,6).

ನಡುವಿನ ಮನೆ ಎರಡೂ ರೆಕ್ಕೆಗಳಿಗೆ ಎದುರಾಳಿಯಾಗಿರಬೇಕು. ರೆಕ್ಕೆಗಳು ತಮ್ಮಲ್ಲಿ ಎದುರಾಳಿಗಳಾಗಿರಬೇಕಿಲ್ಲ.

## ತಪ್ಪಾಗಿದೆ ಎಂದು ಹೇಳುವ ಸೂಚನೆಗಳು

ಒಂದು ಮನೆಯಲ್ಲಿ ಉಮೇದುವಾರರೇ ಉಳಿಯದಿರುವುದು. ಒಂದು ಸಾಲಿನಲ್ಲಿ ಇನ್ನೂ ಬಾರದ ಅಂಕಿಗೆ ಮನೆಯೇ ಇಲ್ಲದಿರುವುದು. ಒಂದೇ ಸಾಲಿನ ಮೂರು ಮನೆಗಳಲ್ಲಿ ಅವೇ ಎರಡು ಅಂಕಿಗಳು. ಇವು ಕಂಡ ಕೂಡಲೇ ಕೈ ನಿಲ್ಲಿಸಿ. ಕಂಡ ಜಾಗದಲ್ಲಿ ತಿದ್ದಲು ಹೋಗಬೇಡಿ. ತಪ್ಪು ಅಲ್ಲಿ ಆಗಿರುವುದಿಲ್ಲ, ಹತ್ತಾರು ಹೆಜ್ಜೆ ಹಿಂದೆ ಆಗಿರುತ್ತದೆ.

ಹಾಕಿದ ಅಂಕಿಗಳನ್ನು ಪಕ್ಕದಲ್ಲಿ ಕ್ರಮವಾಗಿ ಬರೆದುಕೊಂಡಿದ್ದರೆ, (3,7)ಕ್ಕೆ 4, (2,7)ಕ್ಕೆ 8 ಎಂಬಂತೆ, ಮೊದಲಿನಿಂದ ಒಂದೊಂದಕ್ಕೂ ಕಾರಣ ಹೇಳಿಕೊಳ್ಳುತ್ತಾ ಬನ್ನಿ. ಕಾರಣ ಹೇಳಲಾಗದ ಮೊದಲ ಅಂಕಿಯೇ ಕಳ್ಳ. ಬರೆದುಕೊಂಡಿಲ್ಲದಿದ್ದರೆ ಎಲ್ಲ ಒರೆಸಿ ಕೊಟ್ಟ ಅಂಕಿಗಳಿಂದ ಶುರು ಮಾಡುವುದೇ ವಾಸಿ.

ಊಹೆ ಮಾಡಲೇಬೇಕೆನಿಸಿದರೆ ಅದಕ್ಕೂ ಶಿಸ್ತಿದೆ. ಎರಡೇ ಉಮೇದುವಾರರಿರುವ ಮನೆ ಆರಿಸಿ, ಈವರೆಗಿನದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟು, ಊಹೆಯ ನಂತರದ ಅಂಕಿಗಳನ್ನೆಲ್ಲ ಬೇರೆ ಬಣ್ಣದಲ್ಲಿ ಬರೆಯಿರಿ. ವಿರೋಧ ಬಂದರೆ ಇನ್ನೊಂದೇ ಸರಿ ಎಂದು ಖಾತ್ರಿ. ವಿರೋಧ ಬಾರದೆ ನಿಂತುಹೋದರೆ ಏನೂ ಸಾಬೀತಾಗಿಲ್ಲ, ಒರೆಸಿಬಿಡಿ. ಊಹೆಯೊಳಗೆ ಇನ್ನೊಂದು ಊಹೆಗೆ ಹೋದವರು ಪೆನ್ಸಿಲ್‌ನಲ್ಲಿ ಮರಳಿ ಬಂದದ್ದು ಕಡಿಮೆ.

ತುಂಬಿದ ಮೇಲೆ ಪ್ರತಿ ಸಾಲಿನ ಮೊತ್ತ 45 ಬಂದರೆ ಸರಿ ಎಂದು ನಂಬಬೇಡಿ. 3 ಮತ್ತು 5 ಬರಬೇಕಾದ ಕಡೆ ಎರಡು 4 ಇದ್ದರೂ ಮೊತ್ತ 45 ಆಗುತ್ತದೆ. ಒಂದೊಂದು ಅಂಕಿಯನ್ನು ಹಿಡಿದು ಒಂಬತ್ತು ಚೌಕಗಳಲ್ಲೂ ಒಂದೊಂದು ಬಾರಿ, ಯಾವ ಸಾಲಿನಲ್ಲೂ ಎರಡು ಬಾರಿ ಬಾರದಂತೆ ಇದೆಯೇ ಎಂದು ನೋಡಿ.

## ಮರುದಿನದ ಉತ್ತರವನ್ನು ಬಳಸುವ ಬಗೆ

ಬಿಡಿಸಲಾಗದೆ ಉಳಿದ ಸುಡೊಕುವನ್ನು ಎಸೆಯಬೇಡಿ. ಮರುದಿನ ಉತ್ತರ ಬಂದಾಗ ಮೊದಲು ನೀವು ಹಾಕಿದ ಅಂಕಿಗಳನ್ನು ಮಾತ್ರ ತಾಳೆ ನೋಡಿ. ತಪ್ಪಿದ್ದರೆ ನಿಮ್ಮ ತೊಂದರೆ ಒಂದರಿಂದ ಐದರೊಳಗಿನ ಅಜಾಗರೂಕತೆ. ಎಲ್ಲ ಸರಿಯಿದ್ದೂ ನಿಂತಿದ್ದರೆ, ಎರಡೇ ಉಮೇದುವಾರರಿರುವ ಮನೆಗಳಲ್ಲಿ ಒಂದನ್ನು ಆರಿಸಿ, ಅದೊಂದರ ಉತ್ತರ ಮಾತ್ರ ನೋಡಿ, ಉಳಿದದ್ದನ್ನು ಕೈಯಿಂದ ಮುಚ್ಚಿ. ಆ ಅಂಕಿ ಹಾಕದೆ, ‘ಇನ್ನೊಂದು ಅಂಕಿ ಇಲ್ಲಿ ಏಕೆ ಬರಲಾರದು’ ಎಂದು ಹುಡುಕಿ. ಆ ಕಾರಣ ನಾಲ್ಕನೇ ಹಂತದ್ದೋ, ಆರನೆಯದೋ, ಏಳನೆಯದೋ ಎಂದು ಅಂಚಿನಲ್ಲಿ ಬರೆದಿಡಿ. ಇಂಥ ಹತ್ತು ಕಾಗದ ಕೂಡಿದಾಗ ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದಿದ್ದರೆ, ಮುಂದಿನ ಸುಡೊಕುವಿನಲ್ಲಿ ಎಲ್ಲಿ ನಿಧಾನಿಸಬೇಕೆಂದು ಅದೇ ತೋರಿಸುತ್ತದೆ.